ಕೋಲಾರಕ್ಕೆ ಹೋಗದ ಎರಡು ಶನಿವಾರ

ಮೊನ್ನೆ ಡಾಕ್ಟರು ನನ್ನ ವಸಡಿಗೆ ಔಷಧಿ ಹಚ್ಚಿದಾಗ ಲವಂಗದೆಣ್ಣೆಯ ವಾಸನೆ ಮೂಗಿಗೆ ಅಡರಿತು. ಕೂತಲ್ಲೇ ಶ್ರೀನಿವಾಸಪುರದ ಶಾಲೆಯ ಸ್ಟಾಫ್ ರೂಮಿಗೆ ಹೋಗಿಬಿಟ್ಟೆ. ನಮ್ಮ ದೊಡ್ಡ ಮೇಡಂ ಸದಾ ಲವಂಗ ಕಚ್ಚಿಕೊಂಡಿರುತ್ತಿದ್ದರು...

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಅವರು ಪದ್ಯ ಓದಿದರೆ ಪಕ್ಕದ ಕ್ಲಾಸಿನ ಮಕ್ಕಳೂ ಸುಮ್ಮನಾಗುತ್ತಿದ್ದರು. ನಗುವಾಗ ಮಾತ್ರ ಸೆರಗು ಬಾಯಿಗೆ ಅಡ್ಡ ಬರುತ್ತಿತ್ತು. ವಸಡು ಊದಿ, ಮುಟ್ಟಿದರೆ ರಕ್ತ. ಎಷ್ಟು ಲವಂಗ ಅಗಿದರೂ ವಾಸನೆ ಮುಚ್ಚುತ್ತಿರಲಿಲ್ಲ. ಒಂದು ದಿನ ಏನೋ ಹೇಳಲು ನನ್ನ ಕಡೆ ಬಗ್ಗಿದರು. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿಬಿಟ್ಟೆ. ಅವರ ಮಾತು ಅಲ್ಲೇ ನಿಂತಿತು.

ಆ ನಾಚಿಕೆಗೇ ಇರಬೇಕು, ಮುಂದಿನ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಾನೇ ಅವರನ್ನು ಕೋಲಾರದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಲ್ಲ ಹಲ್ಲನ್ನೂ ಕೀಳಿಸಿ ಕಟ್ಟಿಸಿಕೊಂಡುಬಿಡು ಎಂದು ಅವರ ಯಜಮಾನರು ಹೇಳುತ್ತಿದ್ದರಂತೆ. ಡಾಕ್ಟರು ಒಪ್ಪಲಿಲ್ಲ.

"ಹಲ್ಲು ಚೆನ್ನಾಗೇ ಇದಾವಮ್ಮ. ವಸಡಿನೊಳಗೆ, ಬೇರಿನ ತನಕ ಕೊಳೆ ಕಲ್ಲಾಗಿ ಕೂತಿದೆ. ಇಂಜೆಕ್ಷನ್ ಕೊಟ್ಟು ಕೆರೆದು ತೆಗೀಬೇಕು. ನಾಲ್ಕು ಸಲ ಬನ್ನಿ, ಉಳಿಸ್ಕೊಡ್ತೀನಿ."

ಸೂಜಿ ಕಂಡರೆ ಅವರಿಗೆ ಪ್ರಾಣಭಯ. ಮುಗಿಯುವವರೆಗೂ ನನ್ನ ಕೈ ಬಿಡಲಿಲ್ಲ. ಎರಡು ಶನಿವಾರಕ್ಕೆ ಬಲಗಡೆ ಪೂರ್ತಿ ಆಯಿತು. ಕೆಲವೇ ದಿನಗಳಲ್ಲಿ ಆ ಕಡೆ ರಕ್ತ ನಿಂತಿತು, ಊತ ಇಳಿಯಿತು.

"ಬಲಗಡೆ ಹೊಸ ಬಾಯಿ ಬಂದಂಗಾಗಿದೆ ಕಣೇ," ಎಂದರು. "ಎಲ್ಲಾ ಮುಗೀಲಿ, ಸ್ಕೂಲ್ ಡೇಗೆ ನಾನೇ ಮೈಕ್ ಮುಂದೆ ನಿಂತು ಹಾಡ್ತೀನಿ." ನಕ್ಕರು. ಸೆರಗು ಹಿಡಿಯುವುದನ್ನು ಮರೆತೇಬಿಟ್ಟಿದ್ದರು.

ಮೂರನೆಯ ಶನಿವಾರ ಮಾಲೂರಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. "ಮುಂದಿನ ವಾರ ಹೋಗೋಣ ಮೇಡಂ," ಎಂದೆ.

"ಹೋಗೋಣ ಬಿಡು. ಹಲ್ಲೇನು ಓಡಿಹೋಗ್ತದಾ?"

ಆಮೇಲೆ ನಿಶ್ಚಿತಾರ್ಥ, ಮದುವೆ, ಮಾಲೂರಿಗೆ ವರ್ಗ... ಒಬ್ಬರೇ ಹೋಗಲಾರರು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಕಾಗದ ಬರೆಯಲಿಲ್ಲ.

ಎರಡು ವರ್ಷದ ಮೇಲೆ ಮುಳಬಾಗಿಲಿನ ಒಂದು ಮದುವೆಯಲ್ಲಿ ಸಿಕ್ಕರು. ಕೆನ್ನೆ ಒಳಸೇರಿ ಗುರುತೇ ಹತ್ತಲಿಲ್ಲ. ಎಡಗಡೆ ಕೀವು ತುಂಬಿ ಹಲ್ಲು ಅಲ್ಲಾಡತೊಡಗಿದಾಗ ಯಜಮಾನರು ಎಲ್ಲವನ್ನೂ ಕೀಳಿಸಿದ್ದರು, ಚೆನ್ನಾಗಿದ್ದ ಬಲಗಡೆಯನ್ನೂ. ಕಟ್ಟಿಸಿದ ಹಲ್ಲು ಬಾಯಲ್ಲಿ ನಿಲ್ಲುತ್ತಿರಲಿಲ್ಲ.

"ಪದ್ಯ ಓದೋದು ಬಿಟ್ಟೆ ಕಣೇ. ಗಾಳಿ ಹೋಗ್ತದೆ, ಮಕ್ಕಳು ನಗ್ತಾರೆ." ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ನೀನೊಬ್ಬಳು ಇದ್ದಿದ್ರೆ..." ಎಂದವರು ಅಷ್ಟಕ್ಕೇ ನಿಲ್ಲಿಸಿ ನನ್ನ ಮಗುವನ್ನು ಎತ್ತಿಕೊಂಡರು.

ಕ್ಷಮಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಅವರು ಸಿಗಲಿಲ್ಲ. ತೀರಿಕೊಂಡ ಸುದ್ದಿ ನನಗೆ ತಲುಪಿದ್ದೂ ಎರಡು ತಿಂಗಳು ತಡವಾಗಿ.

ಮೊನ್ನೆ ಆಟೋದಲ್ಲಿ ಮನೆಗೆ ಬರುವಾಗ ಮಗಳು, "ಯಾಕಮ್ಮ ಅಳ್ತಿದ್ದೀಯ, ತುಂಬಾ ನೋವಾ?" ಎಂದು ಕೇಳಿದಳು. ಇಂಜೆಕ್ಷನ್ನಿಗೆ ಬಾಯಿ ಇನ್ನೂ ಮರಗಟ್ಟಿತ್ತು, ನೋವೇನೂ ಇರಲಿಲ್ಲ. ಹೂಂ ಎಂದು ತಲೆಯಾಡಿಸಿದೆ.