ಆಟಿಯಲ್ಲಿ ಊಟಕ್ಕೆ ಬಂದ ಮಾವ

ಅತ್ತೆಯ ಕಾಲು ನೀರು ತುಂಬಿ ಬಾಳೆದಿಂಡಿನಂತಾಗಿತ್ತು. ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಕಿಡ್ನಿ ಅರ್ಧಕ್ಕಿಂತ ಹೆಚ್ಚು ಸೋತಿದೆ ಎಂದು ಮಂಗಳೂರಿನ ಡಾಕ್ಟರು ಮೊದಲೇ ಹೇಳಿದ್ದರು. ಮೂತ್ರ ಹೋಗಲೆಂದು ಕೊಟ್ಟ ಮಾತ್ರೆಗೆ ನೀರು ಬಗ್ಗುತ್ತಿರಲಿಲ್ಲ. ನಮ್ಮ ತುಳುವರ ಆಷಾಢವಾದ ಆಟಿ ತಿಂಗಳು ಶುರುವಾಗುವಾಗ ಅವರು ಅದರ ಜೊತೆಗೆ ಇನ್ನೊಂದು ಸಣ್ಣ ಮಾತ್ರೆ ಬರೆದರು. ಥಯಾಜೈಡ್ ಜಾತಿಯದಂತೆ.

"ಡಾಕ್ಟ್ರೇ, ಇದು ಬಿ.ಪಿ.ಯ ಹಳೇ ಮಾತ್ರೆ ಅಲ್ವಾ? ಕಿಡ್ನಿ ಸೋತವರಿಗೆ ಇದು ನಾಟುದಿಲ್ಲ ಅಂತ ಹೇಳ್ತಾರಲ್ಲ?" ಎಂದು ಕೇಳಿಯೇಬಿಟ್ಟೆ. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ.

ಅವರು ನಕ್ಕರು. ಮೊದಲು ಎಲ್ಲರೂ ಹಾಗೆಯೇ ನಂಬಿದ್ದರಂತೆ. ಈ ಮದ್ದು ರಕ್ತದಿಂದ ಕಿಡ್ನಿಯ ನಳಿಗೆಯೊಳಗೆ ಇಳಿದ ಮೇಲೆಯೇ ಕೆಲಸ ಮಾಡುವುದು, ಸೋತ ಕಿಡ್ನಿಯಲ್ಲಿ ಅಲ್ಲಿಗೆ ತಲುಪುವುದೇ ಕಡಿಮೆ. ಆದರೂ ಇಂಥವರಲ್ಲೂ ಕೆಲಸ ಮಾಡುತ್ತದೆಂದು ಈಗ ಗೊತ್ತಾಗಿದೆಯಂತೆ. ಮೊದಲಿನ ಮಾತ್ರೆ ನಳಿಗೆಯ ನಡುವಿನಲ್ಲಿ ಉಪ್ಪು ರಕ್ತಕ್ಕೆ ಮರಳದಂತೆ ತಡೆಯುತ್ತದೆ. ಹಾಗೆ ಮುಂದೆ ಹೋದ ಉಪ್ಪನ್ನು ನಳಿಗೆಯ ಕೊನೆಯ ಭಾಗ ಹಿಡಿದು ವಾಪಸು ಎಳೆದುಕೊಳ್ಳುತ್ತದೆ. ಹೊಸದು ಅಲ್ಲಿಯೂ ತಡೆಯುತ್ತದೆ. ಉಪ್ಪು ಹೊರಗೆ ಹೋದರೆ ನೀರೂ ಅದರ ಬೆನ್ನಿಗೆ.

"ಆದ್ರೆ ಎರಡೂ ಸೇರಿದ್ರೆ ಭಾರೀ ಜೋರು. ಮೈಯ ಉಪ್ಪು ವಿಪರೀತ ಇಳೀಬಹುದು. ವಾರದೊಳಗೆ ರಕ್ತ ಪರೀಕ್ಷೆ ಮಾಡಿಸ್ಲೇಬೇಕು" ಎಂದರು.

ನೀರು ಇಳಿಯಿತು ನೋಡಿ! ಕಣಕಾಲಿನ ಗಂಟು ಮತ್ತೆ ಕಾಣಿಸಿತು. ನಮಗೆಲ್ಲ ಖುಷಿಯೋ ಖುಷಿ. ಬಾಯಿ ಒಣಗುತ್ತದೆಂದು ಅತ್ತೆ ಚೆಂಬುಗಟ್ಟಲೆ ನೀರು ಕುಡಿದರು. ಆಮೇಲೆ ಗಂಜಿ ಬೇಡವೆಂದರು, ವಾಂತಿ ಮಾಡಿದರು. ವಾರ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನನ್ನನ್ನು ಕರೆದರು.

"ಬಾಗಿಲು ತೆಗಿ ಮಗಾ. ಮಾವ ನಿಂತಿದ್ದಾರೆ. ಡ್ಯೂಟಿ ಮುಗಿಸಿ ಬಂದವರನ್ನು ಹೊರಗೆ ನಿಲ್ಲಿಸುದಾ?"

ಮಾವ ನಮ್ಮೂರ ಪಕ್ಕದ ಅನಂತಪುರದ ಕೈಗಾರಿಕಾ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ರಾತ್ರಿಯ ವಾಚ್‌ಮನ್ ಆಗಿದ್ದವರು. ಬೆಳಿಗ್ಗೆ ಬಂದು ಜಗಲಿಯಲ್ಲಿ ಕೆಮ್ಮಿ, ಕಾಲು ಒರೆಸಿಕೊಂಡೇ ಒಳಗೆ ಬರುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಬಾಗಿಲು ತೆಗೆದೆ. ಮಳೆಯಲ್ಲದೆ ಯಾರೂ ಇರಲಿಲ್ಲ. "ಬಂದ್ರಾ?" ಎಂದು ಅತ್ತೆ ನನ್ನ ಪಕ್ಕದ ಗಾಳಿಯನ್ನು ನೋಡಿ ನಕ್ಕರು. ಅಂದಿನಿಂದ ಅವರ ಮಾತು ನಿಲ್ಲಲೇ ಇಲ್ಲ. ಮಾವ ಬದುಕಿದ್ದಾಗ ಅವರ ಹತ್ತಿರ ಅಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ.

ಮರುದಿನ ಅಮ್ಮನನ್ನು ನೋಡಲು ಬೋವಿಕಾನದಿಂದ ಬಂದ ನಾದಿನಿ ಕಣ್ಣೊರೆಸಿಕೊಂಡಳು. "ಅತ್ತಿಗೆ, ಇದು ಅಪ್ಪನೇ. ಆಟಿಯಲ್ಲಿ ಕುಲೆಗಳು ಬರ್ತಾವಲ್ಲ. ನಾವು ಬಡಿಸ್ಲಿಕ್ಕೆ ತಡ ಮಾಡಿದೆವು."

ಕುಲೆಗಳೆಂದರೆ ನಮ್ಮ ಸತ್ತ ಹಿರಿಯರು. ಆಟಿಯಲ್ಲಿ ಅವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದು, ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಅವರು ಉಣ್ಣುವಾಗ ನೋಡಬಾರದು. ಮೊದಲು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುವ ಎಂದು ನಾನು ಹೇಳಿದರೆ ನಾದಿನಿ ಕೇಳಲಿಲ್ಲ. "ರಕ್ತ ಪರೀಕ್ಷೆ ಎಲ್ಲಿಗೆ ಓಡಿಹೋಗ್ತದೆ? ಮೊದಲು ಬಡಿಸುವ" ಎಂದಳು. "ಮಾತ್ರೆಯದ್ದೇ ಏನಾದ್ರೂ ಆಗಿದ್ರೆ ಎಂತ ಮಾಡುದು ಮಾರಾಯ್ತಿ?" ಎಂದು ನಾನು ಸಿಡಿದೆ. ನನ್ನ ಗಂಡ ತಂಗಿಯ ಮಾತಿಗೇ ತಲೆಯಾಡಿಸಿದರು.

ಅಂದು ಮಧ್ಯಾಹ್ನವೇ ಎಲೆ ಹಾಕಿದೆವು. ಮಾವನಿಗೆ ಇಷ್ಟದ ಬಂಗುಡೆ ಸಾರು, ಕೋಳಿ, ದೋಸೆ. ಎಲ್ಲರೂ ಹೊರಗೆ ಬಂದೆವು, ಅತ್ತೆ ಮಾತ್ರ ಏಳಲಿಲ್ಲ. "ನಾನು ಬರುದಿಲ್ಲ. ಅವರಿಗೆ ಬಡಿಸ್ಲಿಕ್ಕೆ ಒಬ್ಬರು ಬೇಡ್ವಾ?"

ಬಾಗಿಲಿನ ಹಿಂದೆ ಅವರ ಮಾತು ಕೇಳುತ್ತಿತ್ತು. "ಇನ್ನೊಂದು ತುಂಡು ಹಾಕ್ಲಾ?" ಎಂದು ಕೇಳುವರು, ಸ್ವಲ್ಪ ಸುಮ್ಮನಾಗುವರು, ನಗುವರು. ಆ ಸುಮ್ಮನಿದ್ದಲ್ಲೆಲ್ಲ ನನಗೆ ಮಾವನ ಕೆಮ್ಮು ಕೇಳಿದಂತಾಗುತ್ತಿತ್ತು. ದೇವರಾಣೆಗೂ ಹೆದರಿದ್ದೆ. ಆಮೇಲೆ ಏನೋ ಬಿದ್ದ ಸದ್ದು. ಮಾತು ನಿಂತಿತು.

ನಾದಿನಿ ನನ್ನ ಕೈ ಹಿಡಿದಳು. "ಈಗ ತೆಗೀಬೇಡಿ ಅತ್ತಿಗೆ! ಊಟದ ಮಧ್ಯೆ ಬಾಗಿಲು ತೆಗೆದ್ರೆ..."

"ಸತ್ತವರು ನಾಳೆ ಉಣ್ಣಲಿ. ಇರುವ ಒಬ್ಬರನ್ನು ಉಳಿಸುವ!" ಎಂದು ಬಾಗಿಲು ದೂಡಿದೆ. ಅತ್ತೆ ಎಲೆಯ ಪಕ್ಕದಲ್ಲಿ ಬಿದ್ದು ಫಿಟ್ಸ್ ಬಂದು ಒದ್ದಾಡುತ್ತಿದ್ದರು. ಬಾಯಲ್ಲಿ ನೊರೆ.

ಆಸ್ಪತ್ರೆಯಲ್ಲಿ ರಕ್ತ ನೋಡಿದಾಗ ಮೈಯ ಉಪ್ಪು, ಅವರು ಹೇಳುವ ಸೋಡಿಯಂ, ಪಾತಾಳಕ್ಕೆ ಇಳಿದಿತ್ತು. ಇಲ್ಲದವರು ಕಂಡದ್ದು, ಫಿಟ್ಸ್ ಬಂದದ್ದು ಎರಡೂ ಅದರಿಂದಲೇ ಎಂದರು. ಮಾತ್ರೆ ನಿಲ್ಲಿಸಿ, ಒಮ್ಮೆಗೇ ಏರಿಸಬಾರದೆಂದು ಉಪ್ಪನ್ನು ನಿಧಾನವಾಗಿ ಏರಿಸಿದರು. ಅತ್ತೆ ಬದುಕಿದರು. ಈ ಜಾತಿಯ ಮಾತ್ರೆ ಇವರಿಗೆ ಇನ್ನು ಕೊಡಲೇಬಾರದೆಂದು ಡಾಕ್ಟರು ಹೇಳಿದರು.

ಮನೆಗೆ ಬಂದ ಮೇಲೆ ಅತ್ತೆಯ ತಲೆ ಮೊದಲಿನಷ್ಟೇ ಚುರುಕಾಯಿತು. ಕಾಲು ಮತ್ತೆ ಬಾತಿತು. ಒಂದು ದಿನ ನಾನು ಅವರ ಕಾಲು ಒತ್ತುತ್ತ ಕುಳಿತಿದ್ದಾಗ ಮೆಲ್ಲಗೆ ಕೇಳಿದರು.

"ಆ ಸಣ್ಣ ಮಾತ್ರೆ ಇನ್ನು ಇಲ್ವಾ?"

"ಅದು ನಿಮಗೆ ಆಗುದಿಲ್ಲ ಅತ್ತೆ. ನೀವು ಕಂಡ ಮಾವ ಆ ಮಾತ್ರೆಯದ್ದು."

"ಗೊತ್ತುಂಟು ಮಗಾ. ಡಾಕ್ಟ್ರು ನನಗೂ ಹೇಳಿದ್ದಾರೆ." ಅವರು ನನ್ನ ಕೈ ಹಿಡಿದುಕೊಂಡರು. "ಒಂದೇ ಒಂದು ಕೊಡು. ನೀನು ಬಾಗಿಲು ತೆಗೆದೆಯಲ್ಲ, ಅವರು ಅರ್ಧ ಊಟದಲ್ಲಿ ಎದ್ದು ಹೋಗಿದ್ದಾರೆ."