ಗೃಹಪ್ರವೇಶ ಅಂತ ಹೇಳಿ ಅತ್ತೆಯನ್ನು ಕರೆದುಕೊಂಡು ಹೋದೆ

ಕಾರು ಜ್ಞಾನಭಾರತಿ ದಾಟಿ ಕೆಂಗೇರಿ ಕಡೆ ಹೊರಟಾಗ ಅತ್ತೆ ಮತ್ತೆ ಕೇಳಿದರು, ಗೃಹಪ್ರವೇಶ ಯಾರದು ಅಂದೆ ಅಂತ. ಆಫೀಸಿನ ಕಲೀಗ್‌ದು ಅಂದೆ.

ಮೂರನೇ ಸಲ ಹೇಳುತ್ತಿದ್ದ ಸುಳ್ಳು. ಬಾಯಿಗೆ ಸಲೀಸಾಗಿ ಬಂತು.

ಅವರ ತೊಡೆಯ ಮೇಲೆ ಗಿಫ್ಟ್ ಪೇಪರ್ ಸುತ್ತಿದ ಸ್ಟೀಲ್ ಡಬ್ಬಿ. ಬರಿಗೈಲಿ ಹೋಗಬಾರದು ಅಂತ ಹಿಂದಿನ ದಿನವೇ ಬೀರುವಿನಿಂದ ತೆಗೆದು ತಾವೇ ಸುತ್ತಿಟ್ಟಿದ್ದರು.

ಅತ್ತೆ ನಮ್ಮಪ್ಪನ ತಂಗಿ. ವಿಜಯನಗರದಲ್ಲಿ ನಮ್ಮ ಜೊತೆಗೇ ಇದ್ದಾರೆ. ಬಹಳ ವರ್ಷದಿಂದ ಮನಸ್ಸಿನ ಕಾಯಿಲೆ, ಮಾತ್ರೆ ತಗೊಂಡರೆ ನಮ್ಮೆಲ್ಲರಿಗಿಂತ ಗಟ್ಟಿ. ಈ ಸಲ ಯಾರಿಗೂ ಹೇಳದೆ ಬಿಟ್ಟುಬಿಟ್ಟಿದ್ದರು. ರಾತ್ರಿಯೆಲ್ಲ ನಿದ್ದೆ ಇಲ್ಲ. ಅನ್ನಕ್ಕೆ ಏನೋ ಬೆರೆಸಿದ್ದೀರಿ ಅಂತ ಊಟವೂ ಇಲ್ಲ.

ತಡ ಮಾಡದೆ ಅಡ್ಮಿಟ್ ಮಾಡಿ ಅಂದರು ಡಾಕ್ಟರು.

ಆಸ್ಪತ್ರೆ ಅಂದರೆ ಅತ್ತೆ ಬರುವುದಿಲ್ಲ ಅಂತ ಮನೆಯಲ್ಲಿ ನಾವೇ ಕೂತು ತೀರ್ಮಾನ ಮಾಡಿದೆವು. ಅವರನ್ನು ಮಾತ್ರ ಯಾರೂ ಕೇಳಲಿಲ್ಲ.

ನಾನು ಮೂರನೇ ಕ್ಲಾಸಲ್ಲಿದ್ದಾಗ ಅಪ್ಪನೂ ಇದನ್ನೇ ಮಾಡಿದ್ದರು. ಬೇರೆ ಊರಲ್ಲಿ ಮದುವೆ ಇದೆ ಅಂತ ಹೇಳಿ, ಅತ್ತೆಗೆ ರೇಷ್ಮೆ ಸೀರೆ ಉಡಿಸಿ... ಜಡೆಗೆ ಹೂವು ಮುಡಿಸಿದ್ದು ನಾನೇ.

ಅಪ್ಪ ಒಬ್ಬರೇ ವಾಪಸ್ ಬಂದರು. ಅತ್ತೆ ಬರುವ ಹೊತ್ತಿಗೆ ನಾನು ಏಳನೇ ಕ್ಲಾಸು. ಆ ಜಡೆ ಇರಲಿಲ್ಲ.

ಆ ಆಸ್ಪತ್ರೆಯ ಕತೆಯನ್ನು ಅವರು ಒಟ್ಟಿಗೆ ಯಾವತ್ತೂ ಹೇಳಿದವರಲ್ಲ. ಸೊಪ್ಪು ಬಿಡಿಸುತ್ತಾ ಒಂದಿಷ್ಟು, ಬಟ್ಟೆ ಮಡಚುತ್ತಾ ಇನ್ನೊಂದಿಷ್ಟು. ಗೇಟಿನಲ್ಲೇ ಬಳೆ, ಪಿನ್ನು, ಹೂವು ಎಲ್ಲ ಕಿತ್ತಿಟ್ಟುಕೊಳ್ಳುತ್ತಿದ್ದರಂತೆ. ಹೇನಾಗುತ್ತೆ ಅಂತ ತಲೆ ಬೋಳಿಸುತ್ತಿದ್ದರಂತೆ. ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಪೈಪಿನಲ್ಲಿ ನೀರು ಬಿಡುತ್ತಿದ್ದರಂತೆ.

ಗಲಾಟೆ ಮಾಡಿದವರನ್ನು ಮಂಚಕ್ಕೆ ಕಟ್ಟಿ... ಅಲ್ಲಿಗೆ ಬಂದರೆ ಅತ್ತೆ ಮಾತು ನಿಲ್ಲಿಸಿಬಿಡುತ್ತಿದ್ದರು.

ಬಚ್ಚಲಿಗೆ ಚಿಲಕವೇ ಇರಲಿಲ್ಲವಂತೆ. ಇವತ್ತಿಗೂ ಮನೆಯಲ್ಲಿ ಅತ್ತೆ ಸ್ನಾನಕ್ಕೆ ಹೋದರೆ ಚಿಲಕ ಹಾಕುವುದಿಲ್ಲ. ಹೊರಗಿರುವ ನಾವೇ ನೋಡಿಕೊಳ್ಳಬೇಕು.

ಇಷ್ಟೆಲ್ಲ ಗೊತ್ತಿದ್ದೂ ನಾನು ಗೃಹಪ್ರವೇಶ ಅಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಎಷ್ಟೋ ದಿನದ ಮೇಲೆ ಅವತ್ತು ತಾವಾಗಿಯೇ ತಲೆಗೆ ನೀರು ಹಾಕಿಕೊಂಡರು. ಹಸಿರು ರೇಷ್ಮೆ ಸೀರೆ ಉಟ್ಟರು. ಹೂವು ಮುಡಿಸು ಬಾ ಅಂತ ನನ್ನನ್ನೇ ಕರೆದರು.

ಮುಡಿಸಿದೆ.

ಆಸ್ಪತ್ರೆಯ ಬೋರ್ಡು ಕಂಡಿತು. ಅತ್ತೆ ಓದಿಕೊಂಡರು. ಕಿರುಚಲಿಲ್ಲ, ಅಳಲಿಲ್ಲ, ಡಬ್ಬಿಯನ್ನು ಸೀಟಿನ ಮೇಲಿಟ್ಟು ಇಳಿದರು.

ರಿಸೆಪ್ಷನ್ ಮುಂದೆ ನಿಂತು ಒಂದೊಂದೇ ಬಳೆ ತೆಗೆದು ನನ್ನ ಕೈಗೆ ಕೊಡತೊಡಗಿದರು. ಆಮೇಲೆ ಸೆರಗಿನ ಪಿನ್ನು. ಆಮೇಲೆ ತಲೆಯ ಹೂವಿಗೆ ಕೈ ಹಾಕಿದರು.

ನರ್ಸ್ ಒಬ್ಬರು ಓಡಿಬಂದು ಅವರ ಕೈ ಹಿಡಿದುಕೊಂಡರು. ಗಾಜಿನ ಬಳೆ, ಪಿನ್ನು ಮಾತ್ರ ನಿಮ್ಮ ಹತ್ತಿರ ಇರಲಿ ಅಂತ ನನಗೆ ಹೇಳಿದರು. "ಹೂವು ಯಾಕೆ ತೆಗೀತೀರಾ ಅಮ್ಮಾ? ಇರ್ಲಿ, ಚೆನ್ನಾಗಿದೆ."

ಅತ್ತೆ ನಂಬಲಿಲ್ಲ.

ವಾರ್ಡ್ ನಿಜಕ್ಕೂ ಚೆನ್ನಾಗಿತ್ತು. ಕಿಟಕಿಗೆ ಪರದೆ, ಪಕ್ಕದಲ್ಲಿ ನನಗೂ ಒಂದು ಮಂಚ. ಮನೆಯವರು ಒಬ್ಬರು ಜೊತೆಗಿರಲೇಬೇಕಂತೆ. ಬಾತ್‌ರೂಮಿಗೆ ಒಳಗಡೆ ಚಿಲಕ ಇದೆ, ಕಷ್ಟಕ್ಕೆ ಬಂದರೆ ಹೊರಗಿಂದಲೂ ತೆಗೆಯಬಹುದು ಅಂತ ನರ್ಸ್ ತೋರಿಸಿಕೊಟ್ಟರು.

ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು ಏನು ತೊಂದರೆ ಅಂತ ಕೇಳಿದರು. ನಾನು ಶುರು ಮಾಡಿದೆ. ನೀವಲ್ಲ, ಅವರು ಹೇಳಲಿ ಅಂದರು. ಆಮೇಲೆ ಫಾರ್ಮನ್ನು ಅತ್ತೆಯ ಮುಂದೆ ಇಟ್ಟು, ಸೈನ್ ಅವರೇ ಹಾಕಬೇಕು ಅಂದರು.

"ನಾನು ಹಾಕಲ್ಲ ಅಂದ್ರೆ?"

ಈಗ ಮನೆಗೆ ಹೋಗಬಹುದು, ಬಲವಂತ ಇಲ್ಲ, ಆದರೆ ಇದ್ದರೆ ನಿದ್ದೆ ಬರುವ ಹಾಗೆ ಮಾಡುತ್ತೇವೆ ಅಂದರು ಡಾಕ್ಟರು.

ಅತ್ತೆ ಪೆನ್ನು ಹಿಡಿದು ಕೂತೇ ಇದ್ದರು. ವಾಪಸ್ ಕರೆದುಕೊಂಡು ಹೋದರೆ ಅನ್ನ ಮುಟ್ಟುವುದಿಲ್ಲ, ಹೀಗೇ ಇದ್ದರೆ ಎಷ್ಟು ದಿನ ಉಳಿಯುತ್ತಾರೋ...

ಹಾಳೆ ತಿರುಗಿಸಿ ಪೂರ್ತಿ ಓದಿದರು. ನಿಧಾನವಾಗಿ ಪೂರ್ತಿ ಹೆಸರು ಬರೆದರು. ಆವತ್ತು ಆ ಆಸ್ಪತ್ರೆಯಲ್ಲಿ ಈ ಸೈನ್ ಹಾಕಿದ್ದು ಅಪ್ಪ.

ಪೆನ್ನು ಕೆಳಗಿಟ್ಟು, ನನ್ನ ಮುಖ ನೋಡದೆ ಅಂದರು: "ನಿದ್ದೆ ಇಲ್ದೆ ನಂಗೂ ಸಾಕಾಗಿತ್ತು ಕಣೇ. ಆಸ್ಪತ್ರೆಗೆ ಅಂದಿದ್ರೂ ಬರ್ತಿದ್ದೆ."

ಇವತ್ತಿಗೆ ಆರು ದಿನ.

ನಿದ್ದೆ ಬರುತ್ತಿದೆ. ಊಟ ಮಾಡುತ್ತಾರೆ. ಆದರೆ ನರ್ಸ್ ತಂದುಕೊಟ್ಟರೆ ಹಾಗೇ ತಿನ್ನುವವರು, ನಾನು ಕಲಸಿ ಕೊಟ್ಟರೆ ಮೊದಲು ಒಂದು ತುತ್ತು ನನ್ನ ಕೈಲಿ ತಿನ್ನಿಸಿ ನೋಡುತ್ತಾರೆ. ಚಿಲಕ ಈಗಲೂ ಹಾಕುವುದಿಲ್ಲ, ನಾನು ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ.

ಡಬ್ಬಿ ಇನ್ನೂ ಕಾರಿನಲ್ಲೇ ಇದೆ. ಬಿಸ್ಕೆಟ್ ಹಾಕಿಡೋಣ, ತರಲಾ ಅಂತ ನಿನ್ನೆ ಕೇಳಿದೆ.

"ಬಿಚ್ಚಬೇಡ, ಇರ್ಲಿ. ಇನ್ನೊಂದ್ಸಲ ಗೃಹಪ್ರವೇಶ ಇದೆ ಅಂತೀಯಲ್ಲ, ಆಗ ಬೇಕಾಗುತ್ತೆ."

ನಿಮ್ಮವರನ್ನು ಇಂಥ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ನೀವು ಏನಂತ ಹೇಳಿದ್ದಿರಿ?