ದ್ರಾಕ್ಷಿ ಮೇಡಂ ಕಲಿಸುವ ಮೊದಲ ಮಾತು

ಮಾತು ಬಾರದ ಮಕ್ಕಳಿಗೆ ಪಾಠ ಹೇಳುವ ಈಕೆಯನ್ನು ಎಲ್ಲರೂ ದ್ರಾಕ್ಷಿ ಮೇಡಂ ಎನ್ನುತ್ತಾರೆ. ಮಗು ಹೇಳಿದಂತೆ ಮಾಡಿದರೆ ತಕ್ಷಣ ಒಂದು ಒಣದ್ರಾಕ್ಷಿ ಕೊಡುತ್ತಾರೆ, ಕಿರುಚಿದರೆ ಗೋಡೆ ನೋಡುತ್ತಾ ಕೂರುತ್ತಾರೆ. ಮನೆಯಲ್ಲಿ ಬಾಗಿಲನ್ನು ಮೆಲ್ಲಗೆ ಹಾಕಿದ ತಮ್ಮ ಮಾವನವರಿಗೂ ಅಭ್ಯಾಸಬಲದಿಂದ "ಶಭಾಷ್!" ಎಂದು ದ್ರಾಕ್ಷಿ ಕೊಟ್ಟಿದ್ದುಂಟು; ಆಮೇಲೆ ಅವರು ಬಾಗಿಲನ್ನು ದಡಾರನೆ ಹಾಕಿದ್ದೇ ಇಲ್ಲ. "ಮೊದ್ಲು 'ಅಮ್ಮ' ಅನ್ನೋದು ಕಲಿಸಿ ಮೇಡಂ" ಎಂದು ತಾಯಂದಿರು ಗೋಗರೆದರೂ ಈಕೆ ಕಲಿಸುವ ಮೊದಲ ಮಾತು 'ಬೇಡ'. "ಬೇಡ ಅನ್ನೋಕೆ ಬಂದ್ರೆ ಕಚ್ಚೋದು ತಾನಾಗೇ ನಿಲ್ಲುತ್ತೆ ನೋಡಿ" ಎನ್ನುವಾಗ ಮುಂಗೈಯ ಹಲ್ಲಿನ ಗುರುತು ಕಾಣದಂತೆ ಕುರ್ತಾದ ತೋಳನ್ನು ಕೆಳಗೆ ಎಳೆದುಕೊಳ್ಳುತ್ತಾರೆ. ಕೊನೆಗೊಂದು ದಿನ ಮಗು ಅವರನ್ನೇ ದೂಡಿ "ಬೇಡ" ಎನ್ನುತ್ತದೆ. ಆಡಿದ ಮಾತಿಗೆ ಬೆಲೆ ಸಿಗಬೇಕಲ್ಲ, ಮೇಡಂ ತಕ್ಷಣ ಎದ್ದು ಹೊರಗೆ ಹೋಗುತ್ತಾರೆ. ಬಾಗಿಲಾಚೆ ನಿಂತು, ಒಂದು ದ್ರಾಕ್ಷಿಯನ್ನು ತಮ್ಮ ಬಾಯಿಗೆ ಹಾಕಿಕೊಳ್ಳುತ್ತಾರೆ.